ಗಾರ್ಡ್ ಸಾಹೇಬರ ಬರ್ಫದ ಮೀನು

ಮೀನಿನ ಮುಂದೆ ಕುರ್ಚಿ ಹಾಕಿಕೊಂಡು ಕಾವಲು ಕೂತ ಮುದುಕಿಯನ್ನು ನೀವು ನೋಡಿಲ್ಲವಾದರೆ ಒಮ್ಮೆ ಗಂಗಾವತಿಯ ನಮ್ಮ ಮನೆಗೆ ಬರಬೇಕು. ನಮ್ಮ ಅಣ್ಣನ ಮಗಳು ಹೊಸಪೇಟೆಗೆ ಹೋದಾಗಲೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿದ ಮೀನಿನ ತುಂಡುಗಳನ್ನು ತರುತ್ತಾಳೆ. ತಲೆಯಿಲ್ಲ, ಬಾಲವಿಲ್ಲ, ಮುಳ್ಳಂತೂ ಇಲ್ಲವೇ ಇಲ್ಲ. ಸಾಬೂನಿನ ಬಿಲ್ಲೆಗಳ ಹಾಗೆ ಚೊಕ್ಕವಾಗಿ ಕತ್ತರಿಸಿ ಕಲ್ಲಿನಂತೆ ಹೆಪ್ಪುಗಟ್ಟಿಸಿದ ಮಾಲು. ಅದನ್ನು ಫ್ರಿಜ್ಜಿನ ಮೇಲಿನ ಖಾನೆಗೆ ತುರುಕಿ, "ಅತ್ತಿ, ನಾಳೆ ಮಾಡೂಣು" ಎಂದು ಹೇಳಿ ಅವಳು ತನ್ನ ಕೆಲಸಕ್ಕೆ ಹೋಗುತ್ತಾಳೆ. ಮರುದಿನ ಅದನ್ನು ಹೊರಗೆ ತೆಗೆದು ಕರಗಿಸುವ ಜವಾಬ್ದಾರಿ ನನ್ನದು.

ಈ ಒಂದು ವಿಷಯದಲ್ಲಿ ನಾನು ಭಾರೀ ಕಟ್ಟುನಿಟ್ಟು. ಅಗಲವಾದ ಬೋಗುಣಿ, ಅದರ ತುಂಬ ತಣ್ಣೀರು, ನೀರಿನಲ್ಲಿ ಚೀಲದ ಸಮೇತ ಮೀನು. ಅರ್ಧ ತಾಸಿಗೊಮ್ಮೆ ನೀರು ಬದಲಾಗಬೇಕು. ಯಾರೂ ಬೆರಳಿನಿಂದ ಒತ್ತಿ ನೋಡಕೂಡದು. ಒಮ್ಮೆ ಅಣ್ಣನ ಮಗಳು ಅವಸರ ಮಾಡಿ ಬಚ್ಚಲಿನ ಗೀಸರಿನಿಂದ ಬಿಸಿನೀರು ಹಿಡಿದು ತಂದಳು. ಆಗ ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಹೊಕ್ಕಿದೆಯೆಂದು ಕೋಲು ಹಿಡಿದು ಓಡಿಬಂದರು. ಅವರಿಗೆ ಚಹಾ ಕೊಟ್ಟು ಕಳಿಸಬೇಕಾಯಿತು.

"ಮೀನಿಗೆ ಬಿಸಿನೀರು ತಾಗಿದ್ರ ನಿನಗ್ಯಾಕ ಸುಡತೈತಿ ಅತ್ತಿ?" ಎಂದು ಅವಳು ನಕ್ಕಳು.

ನಾನು ಬೋಗುಣಿಯ ನೀರು ಬದಲಿಸಿದೆ. ಮೂವತ್ತು ವರ್ಷ ಸಾಲೆಯಲ್ಲಿ ನಿಂತು, ಸುಳ್ಳು ಹೇಳಬಾರದೆಂದು ಮಕ್ಕಳ ಕಿವಿ ಹಿಂಡಿದ ಶಿಕ್ಷಕಿ ನಾನು, ನಮ್ಮ ಕಡೆಯ ಮಾತಿನಲ್ಲಿ ಬಾಯಿ. ನನ್ನ ಸುಳ್ಳಿನ ಕತೆಯನ್ನು ಆ ಮಕ್ಕಳ ಮುಂದೆ ಹೇಳಿದವಳಲ್ಲ. ಮೀನು ಕರಗಲು ಇನ್ನೂ ಹೊತ್ತಿದೆ. ನೀವಾದರೂ ಕೇಳಿ.

ನಾನು ಹುಟ್ಟಿದ್ದು ಹನುಮಸಾಗರದ ಸೀಮೆಯಲ್ಲಿ. ನಮ್ಮ ಕಡೆ ಮೀನೆಂದರೆ ಒಣಮೀನು. ಕುಷ್ಟಗಿಯ ಸಂತೆಯಲ್ಲಿ ಗೋಣಿತಟ್ಟು ಹಾಸಿ ಕೂತವರಿಂದ ಅವ್ವ ಒಂದು ಹಿಡಿ ತರುತ್ತಿದ್ದಳು. ಅದನ್ನು ಹಂಚಿನ ಮೇಲೆ ಹುರಿದು, ನೀರಿನಲ್ಲಿ ನೆನೆಹಾಕಿ, ಹುಣಸೆಹಣ್ಣು ಹಿಂಡಿ ಸಾರು ಮಾಡಿದರೆ ಇಡೀ ಓಣಿಗೆ ವರದಿ ಹೋಗುತ್ತಿತ್ತು. ನೆನೆಹಾಕಿದ ಮೀನಿಗೆ ಮತ್ತೆ ಜೀವ ಬಂದು ಈಜುತ್ತದೇನೋ ಎಂದು ನಾನು ಬೋಗುಣಿಯ ಮುಂದೆ ಕಾದು ಕೂತದ್ದುಂಟು. ಅದು ಈಜಲಿಲ್ಲ. ಆದರೆ ಕೂತು ಕಾಯುವ ಚಟ ಅಲ್ಲಿಂದಲೇ ಬಂದದ್ದೆಂದು ಕಾಣುತ್ತದೆ. ನೀರಿನಲ್ಲಿ ಓಡಾಡುವ ನಿಜವಾದ ಮೀನನ್ನು ಹತ್ತು ವರ್ಷ ತುಂಬುವವರೆಗೂ ನಾನು ಕಂಡಿರಲಿಲ್ಲ.

ನಮ್ಮ ಅಣ್ಣ ಯಮನೂರಪ್ಪ ಕೊಪ್ಪಳದ ಟೇಸನ್ನಿನಲ್ಲಿ ಕೆಲಸಕ್ಕಿದ್ದ. ಗಾಡಿ ಬರುವ ಹೊತ್ತಿಗೆ ಹಳಿ ತಿರುವಿ ದಾರಿ ಕೊಡುವುದು ಅವನ ಕೆಲಸ. ನಾನು ಅದನ್ನು ಊರಲ್ಲಿ ಹೇಳುವಾಗ, ನಮ್ಮ ಅಣ್ಣ ಹೇಳಿದ ಕಡೆಗೇ ರೈಲು ಹೋಗುತ್ತದೆ ಎಂದು ಹೇಳುತ್ತಿದ್ದೆ. ಮಾತು ತಪ್ಪೇನಲ್ಲ. ಅವನ ಹೆಂಡತಿ ಹುಲಿಗೆವ್ವ ಗಂಗಾವತಿಯ ಕಡೆಯ ಹೊಳೆದಂಡೆಯ ಊರಿನವಳು. ಬೆಳಗಾದರೆ ಹೊಳೆ, ಸಂಜೆಯಾದರೆ ಹೊಳೆ, ಅನ್ನದ ಜೊತೆ ಮೀನು ಎಂದು ಬೆಳೆದ ಹೆಣ್ಣು. ಕೊಪ್ಪಳದ ಟೇಸನ್ನಿನ ಹಿಂದಿನ ಕ್ವಾರ್ಟರ್ಸಿಗೆ ಬಂದಮೇಲೆ ಅವಳ ಪಾಲಿಗೆ ಉಳಿದದ್ದು ಕಲ್ಲುಗುಡ್ಡ, ಇದ್ದಿಲು ಧೂಳು ಮತ್ತು ಜೋಳದ ರೊಟ್ಟಿ. ಅವಳಿಗೆ ಜೊತೆಯಾಗಲೆಂದು ನನ್ನನ್ನು ಊರಿನಿಂದ ಕರೆಸಿಕೊಂಡರು. ನನಗಾಗ ಹನ್ನೊಂದು ವರ್ಷವಿರಬೇಕು.

ಬಂದವಳನ್ನು ಸಾಲೆಗೆ ಹಾಕಿದ್ದು ಅತ್ತಿಗೆ. ಅಣ್ಣನಿಗೆ ಅಷ್ಟೇನೂ ಮನಸ್ಸಿರಲಿಲ್ಲ. "ಹೆಣ್ಣುಹುಡುಗಿ ಸಾಲಿ ಕಲತು ಏನ ತಹಶೀಲ್ದಾರ್ಕಿ ಮಾಡ್ತಾಳ?" ಎಂದಿದ್ದ. ಅತ್ತಿಗೆ ಅಷ್ಟಕ್ಕೆ ಬಿಡಲಿಲ್ಲ. "ನಾ ಅಂತೂ ಕಲೀಲಿಲ್ಲ. ಇಕಿ ಓದಿ ನನಗ ಹೇಳ್ಲಿ" ಎಂದು ಹಟ ಹಿಡಿದಳು. ನಿಜಾಮರ ರಾಜ್ಯ ಅದು, ಸಾಲೆಯಲ್ಲಿ ಉರ್ದು. ಅ ಆ ತಿದ್ದುವ ಮೊದಲೇ ಅಲಿಫ್ ಬೇ ತಿದ್ದಿದವಳು ನಾನು. ಸಂಜೆ ಅದನ್ನು ಒದರುತ್ತಿದ್ದರೆ ಅತ್ತಿಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಏನೋ ದೊಡ್ಡ ಹಾಡು ಕೇಳುವವಳ ಹಾಗೆ ಕೇಳುತ್ತಿದ್ದಳು. ನನ್ನ ಚೇಷ್ಟೆ ಜಾಸ್ತಿಯಾದಾಗಲೆಲ್ಲ ಅಣ್ಣನದು ಒಂದೇ ಮಾತು: "ಇನ್ನೊಂದ್ಸಲ ಹಿಂಗ ಮಾಡೀದಿ ಅಂದ್ರ ಮುಂದಿನ ಗಾಡಿಗೆ ಊರಿಗೆ ಕಳಸ್ತೀನಿ ನೋಡ." ನಮ್ಮ ಊರಿಗೆ ರೈಲೇ ಇರಲಿಲ್ಲ. ಆದರೂ ನನಗೆ ಹೆದರಿಕೆಯಾಗುತ್ತಿತ್ತು.

ಇನ್ನು ಗಾರ್ಡ್ ಸಾಹೇಬರು. ಅವರ ಹೆಸರು ಅಂತೋನಿ. ಹುಬ್ಬಳ್ಳಿಯಿಂದ ಬರುವ ಮುಂಜಾನೆಯ ಗಾಡಿಗೆ ವಾರದಲ್ಲಿ ಎರಡು ಮೂರು ಸಲ ಅವರೇ ಗಾರ್ಡ್. ಬಿಳಿ ಡ್ರೆಸ್ಸು, ಕಪ್ಪು ಟೋಪಿ, ಕಂಕುಳಲ್ಲಿ ಕೆಂಪು ಹಸಿರು ನಿಶಾನೆ. ಮೂಲ ಗೋವೆಯ ಕಡೆಯವರು. ಕನ್ನಡವನ್ನು ಧೈರ್ಯವಾಗಿ ಮಾತಾಡುತ್ತಿದ್ದರು. ಅವರ ಮಾತಿನಲ್ಲಿ ಹುಡುಗಿ ಬರುತ್ತಿತ್ತು, ರೊಟ್ಟಿ ಬರುತ್ತಿದ್ದಳು. ಎಂಜಿನ್ನು ನೀರು ಕುಡಿಯುವಷ್ಟು ಹೊತ್ತು ಅವರು ಕೆಳಗಿಳಿದು ಅಣ್ಣನ ಜೊತೆ ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದರು. ಅತ್ತಿಗೆ ಅರಿವೆಯಲ್ಲಿ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡುತ್ತಿದ್ದಳು. ಅದನ್ನು ಒಯ್ದು ಕೊಡುವವಳು ನಾನು. "ರೊಟ್ಟಿ ಬಂದಳು!" ಎಂದು ಅವರು ಟೋಪಿ ತೆಗೆದು ರೊಟ್ಟಿಗೆ ಸಲಾಂ ಮಾಡುತ್ತಿದ್ದರು. ನಾನು ಮನೆಗೆ ಹೋಗಿ ಅದನ್ನು ಆಡಿ ತೋರಿಸಿದರೆ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆ ಬೇಸಿಗೆ ಬರುವ ಹೊತ್ತಿಗೆ ಅತ್ತಿಗೆ ಬಸುರಿಯಾಗಿದ್ದಳು. ಬಾಯಿಗೆ ಏನೂ ಸೇರುತ್ತಿರಲಿಲ್ಲ. ರೊಟ್ಟಿ ಕಂಡರೆ ವಾಕರಿಕೆ. ಅಣ್ಣ ಹುಣಸೆಕಾಯಿ ತಂದ, ಮಾವಿನಕಾಯಿ ತಂದ, ಸುಟ್ಟ ಮಣ್ಣಿನ ಹೆಂಟೆಯನ್ನೂ ತಂದ. ಅತ್ತಿಗೆ ಯಾವುದನ್ನೂ ಮುಟ್ಟಲಿಲ್ಲ. ಕೊನೆಗೆ ಒಂದು ದಿನ ನನ್ನ ಕಿವಿಯಲ್ಲಿ ಹೇಳಿದಳು.

"ದ್ಯಾಮವ್ವಾ, ಮೀನ ತಿನ್ನಬೇಕು ಅನ್ಸೇತಿ. ಹಸೀ ಮೀನ. ಒಣದು ಅಲ್ಲ."

"ಅಣ್ಣಗ ಹೇಳ್ಲೇನು?"

"ಬ್ಯಾಡವ್ವ. ಈ ಬ್ಯಾಸಗ್ಯಾಗ ಎಲ್ಲಿಂದ ತರತಾರ? ನಮ್ಮೂರಿಂದ ಬರೂದ್ರೊಳಗ ಕೊಳತು ಹೋಗ್ತೈತಿ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದು ಅಂದಿಗೂ ಇಲ್ಲ, ಇಂದಿಗೂ ಇಲ್ಲ. ಹೊಟ್ಟೆಯಲ್ಲಿ ನಿಂತದ್ದು ಒಂದೇ ಒಂದು ಮಾತು, ಅದು ನಿಲ್ಲಬಾರದಾಗಿತ್ತು. ಅಣ್ಣನಿಗೆ ಹೇಳಿದೆ. ಅಣ್ಣ ಬೇವಿನ ಗಿಡದ ಕೆಳಗೆ ಗಾರ್ಡ್ ಸಾಹೇಬರಿಗೆ ಹೇಳಿದ. ಮೀನು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಮನುಷ್ಯನ ಮುಖ ಹೇಗೆ ಅರಳಿತೆಂದರೆ ಅವರಿಗೇ ಬಯಕೆ ಹತ್ತಿದಂತಿತ್ತು.

"ಯಮನೂರಪ್ಪ, ನೀ ಚಿಂತಿ ಬಿಡು. ನಮ್ಮ ಕಡಿಂದ ಹುಬ್ಬಳ್ಳಿಗೆ ಬರ್ಫದಾಗ ಮೀನ ಬರ್ತಾಳ. ನಮ್ಮ ಮರಿಯಾ ಕತ್ತರಿಸಿ, ಮುಳ್ಳು ತಗದು, ಬರ್ಫದಾಗ ಹುಗದು ಕೊಡ್ತದ. ಬಸುರಿ ಹೆಂಗಸಿನ ಗಂಟಲದಾಗ ಒಂದ ಮುಳ್ಳು ಸಿಗಬಾರದು."

ಬರ್ಫ ಎಂದರೆ ಮಂಜುಗಡ್ಡೆ, ಮರಿಯಾ ಎಂದರೆ ಅವರ ಹೆಂಡತಿ. ಅಣ್ಣ ಸಂಕೋಚಪಟ್ಟ. ಅವರು ಕೇಳಲಿಲ್ಲ. "ನಿನ್ನ ಮನಿ ರೊಟ್ಟಿ ಎಷ್ಟು ತಿಂದೀನಿ! ನನ್ನ ಮೀನ ಒಂದ ಸಲ ತಿನ್ನು" ಎಂದು ಸೀಟಿ ಊದಿ ಡಬ್ಬಿ ಹತ್ತಿದರು.

ಮೀನು ಮೂರನೆಯ ದಿನ ಬರುವುದೆಂದು ಗೊತ್ತಾಯಿತು. ಆ ದಿನ ಅತ್ತಿಗೆ ನಸುಕಿನಲ್ಲೆದ್ದು ಒಣಕೊಬ್ಬರಿ, ಬೆಳ್ಳುಳ್ಳಿ, ಕೊತ್ತಂಬರಿ, ಒಣಮೆಣಸಿನಕಾಯಿ ಹುರಿದು ಖಾರ ಅರೆದಿಟ್ಟಳು. ಹುಣಸೆಹಣ್ಣು ನೆನೆಸಿಟ್ಟಳು. ತಿಂಗಳಿಂದ ಒಲೆಯ ಹತ್ತಿರ ಸುಳಿದರೆ ವಾಂತಿ ಮಾಡಿಕೊಳ್ಳುತ್ತಿದ್ದವಳು ಅಂದು ಹಾಡು ಗುನುಗುತ್ತಿದ್ದಳು. ಆಮೇಲೆ ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡುವುದಿದೆಯೆಂದು ಪಕ್ಕದ ಮನೆಯಾಕೆಯ ಜೊತೆ ಊರೊಳಗೆ ಹೊರಟಳು. ಹೊರಡುವಾಗ ನನಗೆ ಹೇಳಿದಳು: "ಪೆಟಗಿ ಬಂದ್ರ ಒಳಗ ನೆಳ್ಳಾಗ ಇಡು. ಮುಚ್ಚಳ ತಗೀಬ್ಯಾಡ. ಮಧ್ಯಾಹ್ನಕ್ಕ ನಾ ಬಂದು ತಗೀತೀನಿ."

ಗಾಡಿ ಬಂತು. ಅಣ್ಣ ದೂರದಲ್ಲಿ ಹಳಿಯ ಹತ್ತಿರ ನಿಂತಿದ್ದ. ಗಾರ್ಡ್ ಸಾಹೇಬರು ಎರಡೂ ಕೈಯಿಂದ ಕಟ್ಟಿಗೆಯ ಪೆಟ್ಟಿಗೆ ಇಳಿಸಿ ನನ್ನ ಮುಂದೆ ಇಟ್ಟು, ನನ್ನೆದುರು ಕುಕ್ಕರುಗಾಲಿನಲ್ಲಿ ಕೂತರು. ಅವರು ನನ್ನನ್ನು ಕರೆಯುತ್ತಿದ್ದುದು ಬಾಯೀ ಎಂದು, ಅವರ ಕಡೆ ಅದು ಮಗಳೇ ಎಂದ ಹಾಗೆ.

"ಬಾಯೀ, ಚಂದಾಗಿ ಕೇಳು. ಬರ್ಫದಾಗ ಉಪ್ಪು ಹಾಕೇತಿ, ಅದಕ್ಕ ಮೀನ ಕಲ್ಲಾಗ್ಯಾಳ. ಮಧ್ಯಾಹ್ನ ತಣ್ಣೀರಿನಾಗ ಇಡ್ರಿ. ಅವಳು ತಾನಾ ಮೆತ್ತಗ ಆಗ್ತಾಳ. ಬಿಸಿನೀರು ಮಾತ್ರ ತೋರಿಸಬ್ಯಾಡ. ಸಿಟ್ಟು ಮಾಡ್ತಾಳ. ತಿಳೀತಿಲ್ಲೋ?"

"ತಿಳೀತ್ರಿ" ಎಂದೆ. ತಿಳಿದೇ ಇತ್ತು. ಇಷ್ಟು ವರ್ಷದ ಮೇಲೂ ಒಂದಕ್ಷರ ಮರೆಯದಷ್ಟು ತಿಳಿದಿತ್ತು.

ಪೆಟ್ಟಿಗೆಯನ್ನು ಎಳೆದುಕೊಂಡು ಮನೆಗೆ ತಂದೆ. ನೆರಳಿನಲ್ಲಿ ಇಟ್ಟೆ. ಅದರ ಪಕ್ಕ ಕೂತೆ. ಸಂದಿನಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಬೆರಳಿಟ್ಟೆ. ಬೆರಳು ಜುಂ ಎಂದಿತು. ನಾನು ಬರ್ಫದ ಹೆಸರು ಕೇಳಿದ್ದೆ, ಕಂಡಿರಲಿಲ್ಲ. ಕೊಪ್ಪಳದ ಬೇಸಿಗೆಯಲ್ಲಿ ಹನ್ನೊಂದು ವರ್ಷದ ಹುಡುಗಿ ಬರ್ಫದ ಪೆಟ್ಟಿಗೆಯ ಪಕ್ಕದಲ್ಲಿ ಮುಚ್ಚಳ ತೆಗೆಯದೆ ಮಧ್ಯಾಹ್ನದವರೆಗೆ ಕೂರಬೇಕೆಂದರೆ ಅದು ಆಗುವ ಮಾತೇ? ನೀವೇ ಹೇಳಿ. ನಾನು ಮುಚ್ಚಳ ತೆಗೆದೆ.

ಮೇಲೆ ಕಟ್ಟಿಗೆಯ ಹೊಟ್ಟು. ಅದರ ಕೆಳಗೆ ಬರ್ಫದ ಗಡ್ಡೆಗಳು, ಪೆಟ್ಟಿಗೆಯ ತುಂಬ. ನಡುವೆ ಬಾಳೆಯೆಲೆಯಲ್ಲಿ ಸುತ್ತಿದ ನಾಲ್ಕು ದಪ್ಪ ತುಂಡುಗಳು. ನಾನು ಒಂದು ಚೂರು ಬರ್ಫ ಬಾಯಿಗೆ ಹಾಕಿಕೊಂಡೆ. ಉಪ್ಪುಪ್ಪು. ಆದರೂ ಆ ತಂಪು! ಪಕ್ಕದ ಮನೆಯ ಪಾರಿ ಬಂದಳು. ಅವಳಿಗೊಂದು ಚೂರು. ಅವಳು ಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದಳು. ಅರ್ಧ ತಾಸಿನಲ್ಲಿ ಕ್ವಾರ್ಟರ್ಸಿನ ಮಕ್ಕಳೆಲ್ಲ ನಮ್ಮ ಬಾಗಿಲಲ್ಲಿ ಕೈಚಾಚಿ ನಿಂತಿದ್ದರು. ಬೇರೆ ದಿನ ನನ್ನನ್ನು ಹಳ್ಳಿಯವಳೆಂದು ಆಟಕ್ಕೆ ಸೇರಿಸದ ಹುಡುಗಿಯರು "ದ್ಯಾಮವ್ವಾ, ನನಗ, ನನಗ" ಎಂದು ಗೋಗರೆಯುತ್ತಿದ್ದರು. ನಾನು ಹೊಸ್ತಿಲ ಮೇಲೆ ಕೂತು ರಾಣಿಯ ಹಾಗೆ ಹಂಚಿದೆ. ನೋಡನೋಡುತ್ತ ಬರ್ಫ ಮುಗಿಯಿತು. ಒಂದು ಗಡ್ಡೆಯನ್ನು ಮಾತ್ರ ಸೆರಗಿನಲ್ಲಿ ಕಟ್ಟಿಟ್ಟುಕೊಂಡೆ.

ಉಳಿದದ್ದು ಮೀನು. ಮುಟ್ಟಿದರೆ ಕಟ್ಟಿಗೆಯ ತುಂಡು. ಬರ್ಫವಿಲ್ಲದ ಪೆಟ್ಟಿಗೆಯನ್ನು ಅತ್ತಿಗೆ ನೋಡಿದರೆ ಏನು ಹೇಳಲಿ ಎಂದು ಆಗ ಹೆದರಿಕೆ ಹತ್ತಿತು. ಅವಳು ಬರುವುದರೊಳಗೆ ಮೀನು ಮೆತ್ತಗಾಗಿ ಅಡಿಗೆಗೆ ಸಿದ್ಧವಾಗಿದ್ದರೆ ಬರ್ಫವನ್ನು ಯಾರು ಕೇಳುತ್ತಾರೆ? "ಶಾಣ್ಯಾಕಿ ನನ್ನ ತಂಗಿ" ಎಂದು ಕೆನ್ನೆ ಸವರುತ್ತಾಳೆ. ಹಿತ್ತಲಲ್ಲಿ ಅಣ್ಣನ ಜಳಕಕ್ಕೆಂದು ಒಲೆಯ ಮೇಲೆ ತಾಮ್ರದ ಹಂಡೆ ಇತ್ತು, ನೀರು ಬೆಚ್ಚಗಿತ್ತು. ಬೆಚ್ಚಗಿನ ನೀರು ಬಿಸಿನೀರಲ್ಲ ಎಂದು ನಾನೇ ತೀರ್ಮಾನ ಮಾಡಿದೆ. ನಾಲ್ಕೂ ತುಂಡುಗಳನ್ನು ಹಂಡೆಗೆ ಬಿಟ್ಟೆ. ಬೇಗ ಆಗಲೆಂದು ಹತ್ತಿಕಟ್ಟಿಗೆಯನ್ನೂ ಒಂದಿಷ್ಟು ಒಲೆಗೆ ತುರುಕಿದೆ.

ಅಲ್ಲಿಯೇ ನಿಂತಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ನನಗೆ ಸೆರಗಿನ ಗಡ್ಡೆಯದೇ ಧ್ಯಾನ. ನನ್ನ ಸಾಲೆಯ ಗೆಳತಿ ಮೆಹರುನ್ನಳ ಮನೆ ಊರಿನ ಹಾದಿಯಲ್ಲಿತ್ತು. ನಾನು ಏನು ಹೇಳಿದರೂ ನಂಬದ ಹುಡುಗಿ ಅವಳು. ಅವಳಿಗೆ ಬರ್ಫ ತೋರಿಸಿ ಬರೋಣವೆಂದು ಓಡಿದೆ. ಬಿಸಿಲು ಸುಡುತ್ತಿತ್ತು. ಅವಳ ಮನೆ ಮುಟ್ಟಿ, ಏದುಸಿರು ಬಿಡುತ್ತ ಸೆರಗು ಬಿಚ್ಚಿದೆ. ಬರೀ ಒದ್ದೆ ಅರಿವೆ. "ಬರ್ಫ ಇತ್ತು, ಖರೇನ ಇತ್ತು" ಎಂದು ನಾನು, "ಝೂಟ್" ಎಂದು ಅವಳು. ಜೀವನದಲ್ಲಿ ನಾನು ಅಷ್ಟು ನಿಜ ಹೇಳಿ ಅಷ್ಟು ಅವಮಾನಪಟ್ಟದ್ದಿಲ್ಲ. ಜಗಳ ಮುಗಿಸಿ ಮನೆಗೆ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ಹಂಡೆ ಕುದಿಯುತ್ತಿತ್ತು. ಮೇಲೆ ಎಣ್ಣೆಯ ಪದರು. ಒಳಗೆ ತುಂಡುಗಳಿರಲಿಲ್ಲ. ಬಿಳೀ ಚಿಂದಿ ಸುತ್ತುತ್ತಿತ್ತು, ತೊಗಲು ಬೇರೆಯಾಗಿ ತೇಲುತ್ತಿತ್ತು. ಇದ್ದಿಲಿನ ಕರಿ ಬಿದ್ದು ನೀರು ಬೂದಿಬಣ್ಣವಾಗಿತ್ತು. ಸೌಟಿನಿಂದ ಬಾಚಿದೆ, ಕೈಯಲ್ಲಿ ಹಿಡಿದರೆ ಅಂಟಂಟು ಮುದ್ದೆ. ಅದರ ನಾತಕ್ಕೆ ನನಗೇ ವಾಂತಿ ಬರುವಂತಾಯಿತು. ಮುದ್ದೆಯನ್ನು ಹಳಿಯ ಆಚೆಗೆ ಒಯ್ದು ನಾಯಿಗಳಿಗೆ ಹಾಕಿದೆ. ಹಂಡೆಯನ್ನು ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ತಿಕ್ಕುವಾಗ ಅತ್ತೆನೆಂದು ನೆನಪು. ಅದು ಅತ್ತಿಗೆಗಾಗಿ ಅತ್ತ ಅಳುವಲ್ಲ, ಅಣ್ಣ ಊರಿಗೆ ಕಳಿಸುತ್ತಾನೆಂಬ ಅಳು.

ಮಧ್ಯಾಹ್ನ ಅತ್ತಿಗೆ ಬಂದಳು. ಬಾಗಿಲಲ್ಲೇ ಕೇಳಿದಳು, "ಬಂತೇನು?"

"ಬಂತು ಅತ್ತಿಗಿ. ಆದ್ರ ನಾತ ಹೊಡೀತಿತ್ತು. ಬರ್ಫನ ಇರಲಿಲ್ಲ. ಬರೇ ನೀರಿತ್ತು. ಚೆಲ್ಲಿಬಿಟ್ಟೆ."

ಅತ್ತಿಗೆ ಖಾಲಿ ಪೆಟ್ಟಿಗೆಯನ್ನು ನೋಡಿದಳು. ನನ್ನನ್ನು ನೋಡಿದಳು. ಅರೆದಿಟ್ಟ ಖಾರಕ್ಕೆ ಬದನೆಕಾಯಿ ಹಾಕಿ ಪಲ್ಯ ಮಾಡಿದಳು. ನಮಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಅಣ್ಣ ಮಾತ್ರ ಸಿಟ್ಟಿನಿಂದ ತಟ್ಟೆ ಸರಿಸಿದ. "ಕೊಳತದ್ದು ಕೊಡಾಕ ಇಷ್ಟ ದೊಡ್ಡ ಮಾತ ಯಾಕ ಆಡಬೇಕಿತ್ತು ಅಂವ?"

ಎರಡು ದಿನ ಕಳೆದು ಗಾಡಿ ಬಂತು. ನಾನು ಅಣ್ಣನಿಗೆ ನೀರು ಒಯ್ದವಳು ಅಲ್ಲೇ ಇದ್ದೆ. ಡಬ್ಬಿ ನಿಲ್ಲುವ ಮೊದಲೇ ಗಾರ್ಡ್ ಸಾಹೇಬರು ಹೊರಗೆ ಬಾಗಿ ಕೂಗಿದರು.

"ಏ ಯಮನೂರಪ್ಪ! ನಮ್ಮ ಮೀನ ಹೆಂಗಿದ್ದಳು?"

ಅಣ್ಣ ಹತ್ತಿರ ಹೋದ. "ಸಾಹೇಬ್ರ, ಇಲ್ಲ ಅಂದಿದ್ರ ಮುಗೀತಿತ್ತು. ಕೊಳತ ಮೀನ ಯಾಕ ತಂದು ಕೊಟ್ರಿ? ಬಸುರಿ ಹೆಂಗಸು ಆಸೆ ಇಟಕೊಂಡು ಕುಂತಿದ್ಲು."

ಅವರ ನಗು ಹಾಗೇ ಮುಖದ ಮೇಲೆ ನಿಂತಿತು. "ಕೊಳತ? ನಮ್ಮ ಮೀನ? ಇಲ್ಲೋ ಮಾರಾಯ. ಬರ್ಫ ಇತ್ತಲ್ಲ. ಈ ಹುಡುಗಿ ಕೈಯಾಗ ನಾನ ಕೊಟ್ಟೀನಿ." ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಬಾಯೀ, ನೀ ಹೇಳು. ಪೆಟಗಿ ತಗದಾಗ ಬರ್ಫ ಇತ್ತಿಲ್ಲೋ?"

ಅಣ್ಣ ನನ್ನನ್ನು ನೋಡುತ್ತಿದ್ದ. ಅವರು ನನ್ನನ್ನು ನೋಡುತ್ತಿದ್ದರು. ಎಂಜಿನ್ನು ನೀರು ಕುಡಿಯುವ ಸದ್ದು ಕೇಳುತ್ತಿತ್ತು.

"ಇರಲಿಲ್ರಿ" ಎಂದೆ.

ನಾನು ಹೇಳುತ್ತಿರುವುದು ಸುಳ್ಳೆಂದು ಅವರಿಗೆ ಅನ್ನಿಸಲಿಲ್ಲವೆಂದೇ ನನ್ನ ಎಣಿಕೆ. ಮಕ್ಕಳು ಇಂಥದರಲ್ಲಿ ಸುಳ್ಳು ಹೇಳುತ್ತವೆಂದು ಅವರ ಮನಸ್ಸಿಗೆ ಬಂದಿರಲಾರದು. ಟೋಪಿ ತೆಗೆದು, ಅಣ್ಣನ ಮುಂದೆ ತಲೆ ಬಗ್ಗಿಸಿದರು.

"ಹಂಗಾದ್ರ ತಪ್ಪು ನಂದು, ಯಮನೂರಪ್ಪ. ನಿನ್ನ ಹೆಂಡತಿಗೆ ಹೇಳು. ತಪ್ಪು ನಂದು."

ಅಷ್ಟು ಹೇಳಿ ಡಬ್ಬಿ ಹತ್ತಿ, ನಿಶಾನೆ ತೋರಿಸಿ, ಸೀಟಿ ಊದಿದರು. ಅಂದು ಅತ್ತಿಗೆ ರೊಟ್ಟಿ ಕಟ್ಟಿ ಕೊಟ್ಟಿದ್ದಳು. ಬುತ್ತಿ ನನ್ನ ಕೈಯಲ್ಲೇ ಉಳಿಯಿತು. ಆಮೇಲೂ ಅವರ ಗಾಡಿ ಬರುತ್ತಿತ್ತು. ಎಂಜಿನ್ನು ನೀರು ಕುಡಿಯುತ್ತಿತ್ತು. ಅವರು ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಅಣ್ಣನೂ ಬೇವಿನ ಗಿಡದ ಕಡೆ ಹೋಗುತ್ತಿರಲಿಲ್ಲ. ಒಂದು ವರ್ಷದೊಳಗೆ ಆ ಗಾಡಿಗೆ ಬೇರೆ ಗಾರ್ಡ್ ಬಂದರು.

ಕಾರ್ತೀಕದಲ್ಲಿ ಅತ್ತಿಗೆ ಹೆಣ್ಣುಕೂಸನ್ನು ಹೆತ್ತಳು. ಈಗ ನನಗೆ ಮೀನು ತಂದು ಕೊಡುವವಳು ಅದೇ ಕೂಸು. ಮೂರು ತಿಂಗಳಿಗೆ ಅದರ ಕಿವಿ ಸೋರತೊಡಗಿತು. ಬಸುರಿಯ ಬಯಕೆ ತೀರದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆಂದು ನಮ್ಮ ಕಡೆ ನಂಬುತ್ತಾರೆ. ಬಾಣಂತನಕ್ಕೆ ಬಂದಿದ್ದ ಅವ್ವ ದಿನವೂ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುತ್ತ, "ಆ ಗಾರ್ಡನ ಮೀನಿನ ದೆಸಿಂದ ನನ್ನ ಮೊಮ್ಮಗಳಿಗೆ ಹಿಂಗಾತು" ಎಂದು ಶಪಿಸುತ್ತಿದ್ದಳು. ಕೂಸು ಕಿರುಚುತ್ತಿತ್ತು. ನಾನು ತೊಟ್ಟಿಲ ಹಗ್ಗ ಹಿಡಿದು ನಿಂತು, ಇವತ್ತು ಹೇಳುತ್ತೇನೆ, ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಕಿವಿ ವಾಸಿಯಾಯಿತು. ವಾಸಿಯಾದಮೇಲೆ ಇನ್ನೇಕೆ ಹೇಳುವುದು ಎಂದಾಯಿತು. ಸಾಲೆಯಲ್ಲಿ ಮೇಲಿನ ತರಗತಿಗೆ ಹೋದೆ. ಓದಿನಲ್ಲಿ ಮುಂದಿದ್ದೆ. ಎಲ್ಲರೂ ಹೊಗಳುತ್ತಿದ್ದರು.

ನಿಜಾಮರ ರಾಜ್ಯ ಹೋದ ಮರುವರ್ಷ ನನ್ನನ್ನು ಬಾಯಿಯರ ತರಬೇತಿಗೆ ಕಳಿಸುವುದೆಂದು ನಿಶ್ಚಯವಾಯಿತು. ಹೊರಡುವ ಮುನ್ನಾದಿನ ಅತ್ತಿಗೆ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ಅವಳ ಕೈ ತಲೆಯ ಮೇಲಿದ್ದಾಗ, ಅವಳ ಮುಖ ನನಗೆ ಕಾಣದಿದ್ದಾಗ, ನಾನು ಹೇಳಿಬಿಟ್ಟೆ. ಬರ್ಫ, ಹಂಡೆ, ನಾಯಿಗಳು, ಎಲ್ಲವನ್ನೂ.

ಎಣ್ಣೆ ಹಚ್ಚುವ ಕೈ ನಿಲ್ಲಲಿಲ್ಲ.

"ನನಗ ಗೊತ್ತಿತ್ತವ್ವ" ಎಂದಳು ಅತ್ತಿಗೆ. "ಅವತ್ತ ಸಂಜಿಮುಂದ ಪಾರಿ ಬಂದು, ನಾವೆಲ್ಲಾ ಬರ್ಫ ತಿಂದ್ವಿ ಅಂದ್ಲು. ಆಕಿ ಬಾಯಿಗೆ ಬೆಲ್ಲ ಹಾಕಿ, ನಮ್ಮ ಮನಿಯವ್ರ ಮುಂದ ಹೇಳಬ್ಯಾಡ ಅಂದೆ. ಹಂಡ್ಯಾನ ನೀರು ಮೈಮ್ಯಾಲ ಹಾಕ್ಕೊಂಡ್ರ ಮೀನಿನ ವಾಸನಿ."

"ಮತ್ಯಾಕ ಸುಮ್ಮನಿದ್ದಿ?"

"ಹೇಳಿದ್ರ ನಿಮ್ಮಣ್ಣ ನಿನ್ನ ಊರಿಗೆ ಕಳಸ್ತಿದ್ರು. ನಿನ್ನ ಸಾಲಿ ಅಲ್ಲಿಗೇ ನಿಲ್ತಿತ್ತು. ನಾನೂ ಒಬ್ಬಾಕಿನ ಆಗ್ತಿದ್ದೆ." ಅಂಗೈಗೆ ಇನ್ನಷ್ಟು ಎಣ್ಣೆ ಹಾಕಿಕೊಂಡು ಹೇಳಿದಳು: "ಗಾರ್ಡ್ ಸಾಹೇಬ್ರು ದೊಡ್ಡಾವ್ರು, ತಡಕೊಂತಾರ ಅಂತ ತಿಳದೆ. ಅವ್ರು ಎದುರಿಗೆ ನಿಂತು ನಿನ್ನ ಕೇಳ್ಯಾರ ಅನ್ನೂದು ಆಮ್ಯಾಲ ಗೊತ್ತಾತು. ಆವತ್ತಿಂದ ರೊಟ್ಟಿ ಬಡಿಯೂವಾಗೆಲ್ಲಾ ಅವರ ನೆನಪ ಬರತೈತಿ."

ಇಬ್ಬರೂ ಕೂಡಿ ಅಣ್ಣನಿಗೆ ಹೇಳಿದೆವು. ಬೈಯುತ್ತಾನೆಂದು ಕಾದೆ, ಬೈಯಲಿಲ್ಲ. ಗೋಡೆಗೆ ಒರಗಿ ಕೂತ. "ಅಂವ ನನ್ನ ಮುಂದ ತಲಿ ಬಗ್ಗಿಸಿದ್ನಲ್ಲ ದ್ಯಾಮಿ" ಎಂದ. ಆಮೇಲೆ, "ನಾಳೆ ಮೊದಲ ಹುಬ್ಬಳ್ಳಿಗೆ ಹೋಗೂಣು, ತರಬೇತಿ ಆಮ್ಯಾಲ" ಎಂದ.

ಹುಬ್ಬಳ್ಳಿಯಲ್ಲಿ ರೈಲ್ವೆಯವರ ಸಾಲುಮನೆಗಳಲ್ಲಿ ಕೇಳಿಕೊಂಡು ಹೋದೆವು. ನಾಲ್ಕು ಮನೆ ದಾಟಿದಮೇಲೆ ಒಬ್ಬರು ಬಾಗಿಲು ತೋರಿಸಿದರು. ಕರಿಯ ಸೀರೆಯ, ಬೆಳ್ಳಗಾದ ಕೂದಲಿನ ಹೆಂಗಸು ಬಾಗಿಲು ತೆಗೆದರು. ಅಣ್ಣ ಗಾರ್ಡ್ ಸಾಹೇಬರನ್ನು ಕೇಳಿದ.

"ಅವ್ರು ಹೋಗಿ ಎಂಟ ತಿಂಗಳಾತು. ಜ್ವರ ಬಂದಿತ್ತು" ಎಂದರು. "ನೀವು ಯಾರು?"

"ಕೊಪ್ಪಳದಾವ್ರು ಬಾಯಾರ. ಟೇಸನ್ನಿನ ಯಮನೂರಪ್ಪ."

ಅವರು ನಮ್ಮನ್ನು ಒಳಗೆ ಕರೆದು ಕೂರಿಸಿದರು. ನೀರು ಕೊಟ್ಟರು. ಎದುರಿಗೆ ಕೂತು ಅಣ್ಣನನ್ನೇ ನೋಡಿದರು.

"ಮೀನ ಕಳಸಿದ್ದು ನಿಮಗಲ್ಲೇನು? ನಿಮ್ಮ ಮನಿ ರೊಟ್ಟಿ ನಾನೂ ತಿಂದೀನಿ, ಉಳಿಸಿ ತರ್ತಿದ್ರು. ನೀವು ಸಿಟ್ಟು ಮಾಡಿದ್ದಕ್ಕ ಅವ್ರಿಗೆ ಬ್ಯಾಸರ ಇರಲಿಲ್ಲ. ಅವರ ಸಿಟ್ಟು ನನ್ನ ಮ್ಯಾಲ. ಮನಿಗೆ ಬಂದು, ನೀ ಬರ್ಫ ಕಡಿಮಿ ಹಾಕೀದಿ, ಬಸುರಿ ಹೆಂಗಸಿನ ಬಾಯಿಗೆ ಮಣ್ಣು ಹಾಕೀದಿ ಅಂದ್ರು. ಇಲ್ಲ, ಪೆಟಗಿ ತುಂಬ ಹಾಕೀನಿ ಅಂತ ಆಣಿ ಮಾಡಿದೆ. ನಂಬಲಿಲ್ಲ. ಆ ಸಣ್ಣ ಹುಡುಗಿ ಸುಳ್ಳು ಹೇಳ್ತದೇನು ಅಂದ್ರು. ಆಮ್ಯಾಲ ಅವ್ರು ಯಾರಿಗೂ ಮೀನ ಒಯ್ದು ಕೊಡಲಿಲ್ಲ. ನನಗೂ ಮಾಡು ಅನ್ನಲಿಲ್ಲ."

ಅಣ್ಣ ನನ್ನ ಕಡೆ ತಿರುಗಿದ. ನಾನೇ ಹೇಳಬೇಕಾಗಿತ್ತು, ಹೇಳಿದೆ. ಮುಚ್ಚಳ ತೆಗೆದಾಗ ಪೆಟ್ಟಿಗೆಯ ತುಂಬ ಬರ್ಫವಿತ್ತೆಂದು ಹೇಳಿದೆ. ಮೀನು ಕಲ್ಲಿನಂತಿತ್ತು, ಒಂದಿಷ್ಟೂ ನಾತವಿರಲಿಲ್ಲ, ಕೆಡಿಸಿದವಳು ನಾನು ಎಂದು ಹೇಳಿದೆ. ಆ ಸಣ್ಣ ಹುಡುಗಿ ನಾನೇ ಎಂದು ಹೇಳಿದೆ. ಬೈಯಿರಿ ಎಂದು ಅವರ ಕಾಲು ಮುಟ್ಟಲು ಹೋದೆ.

ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು. ಬೈಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಗೋಡೆಯ ಮೇಲೆ ಗಾರ್ಡಿನ ಡ್ರೆಸ್ಸಿನಲ್ಲಿದ್ದ ಗಂಡನ ಫೋಟೋ ಇತ್ತು. ಅದರ ಕಡೆ ತಿರುಗಿ, ನಮಗಲ್ಲ, ತಮಗೇ ಹೇಳಿಕೊಳ್ಳುವವರ ಹಾಗೆ ಹೇಳಿದರು:

"ಪೆಟಗಿ ತುಂಬ ಹಾಕಿದ್ದೆ. ಈಗ ಯಾರಿಗೆ ಹೇಳ್ಲಿ?"